ಅಂಗಿ ಒಗೆಯಬೇಡ

ಕೂತುಕೋ ಒಗುಟು.
ಆ ಸ್ಟೂಲಿನ ಮೇಲಲ್ಲ, ಅದರ ಕಾಲು ಕುಂಟು.
ಇಲ್ಲಿ, ದೀಪದ ಹತ್ತಿರ.
ಕೊಂಡೇಲೆ ಸರ್ಕಲ್ಲಿನಿಂದ ಇಷ್ಟು ದೂರ
ಒಂದು ಕೈಯನ್ನು ಇನ್ನೊಂದು ಕೈಯಲ್ಲಿ
ಕೂಸಿನಂತೆ ಎತ್ತಿಕೊಂಡು ಬಂದಿದ್ದೀಯ.
ನೀರು ಕುಡಿ. ಆಮೇಲೆ ಮಾತು.

ಮೊದಲು ಅಂಗಿ.
ಬಕೆಟ್ಟಿನ ಕಡೆ ನೋಡಬೇಡ, ಒಗೆಯುವುದಿಲ್ಲ.
ಪ್ಲಾಸ್ಟಿಕ್ಕಿನಲ್ಲಿ ರಕ್ತ ಕೊಳೆಯುತ್ತದೆ.
ಹಿಟ್ಟಿನ ಕಾಗದದ ಚೀಲ ಕೊಡವಿ ಇಟ್ಟಿದ್ದೇನೆ,
ಒಣಗಿದ ಮೇಲೆ ಅದರೊಳಗೆ.
ಮೇಲೆ ತಾರೀಖು, ನಿನ್ನ ಹೆಸರು.

ಬೆನ್ನು ತಿರುಗಿಸು, ಫೋಟೋ ತೆಗೆಯುತ್ತೇನೆ.
ಬಾಸುಂಡೆಯ ಪಕ್ಕ ಇಪ್ಪತ್ತು ಶಿಲಿಂಗಿನ ನಾಣ್ಯ ಹಿಡಿದಿದ್ದೇನೆ,
ಎಷ್ಟು ಉದ್ದ ಎಂದು ಕೇಳುವವರಿಗೆ ಅಳತೆ ಸಿಗಲಿ.
ಇಷ್ಟೇನಾ ನನ್ನ ಬೆಲೆ ಎಂದು ನಗುತ್ತೀಯ.
ನಗು, ಪಕ್ಕೆ ನೋಯದಿದ್ದರೆ.
ನಾಳೆ ಮತ್ತೆ, ನಾಡಿದ್ದು ಮತ್ತೆ.
ಇವತ್ತು ಕೆಂಪು, ನಾಳೆ ಬದನೆಕಾಯಿ,
ವಾರ ಕಳೆದರೆ ಬಾಡಿದ ಎಲೆಯ ಹಳದಿ.
ಮೈ ಬೇಗ ಮರೆಯುತ್ತದೆ, ಅದು ಅದರ ಒಳ್ಳೆಯ ಗುಣ,
ನಮಗೀಗ ಉಪಯೋಗಕ್ಕೆ ಬಾರದ ಗುಣ.

ಆಸ್ಪತ್ರೆಯ ಹುಡುಗಿ ತಲೆ ಎತ್ತದೆ ಕೇಳುತ್ತಾಳೆ,
ಏನಾಯಿತು?
ಈ ಊರಿನಲ್ಲಿ ಎಲ್ಲರೂ ಬಿದ್ದವರೇ,
ಮೆಟ್ಟಿಲಿಂದ, ಬೈಕಿನಿಂದ, ಒಬ್ಬ ಮಂಚದಿಂದ.
ಬಿದ್ದೆ ಅನ್ನಬೇಡ.
ಬಡಿದರು ಅನ್ನು.
ಅವಳು ಅದನ್ನು ಬರೆಯುವತನಕ ಏಳಬೇಡ.
ತಲೆ ಸುತ್ತಿದರೆ, ಉಚ್ಚೆಯಲ್ಲಿ ಕೆಂಪು ಕಂಡರೆ
ನಾಚಿಕೆ ಬಿಟ್ಟು ಹೇಳು.

ಆಮೇಲಿನದು ಕಷ್ಟ.
ಗಾಯ ಬರೆಯುವ ಫಾರಂ, ಪಿ-ತ್ರೀ ಅನ್ನುತ್ತಾರೆ,
ಠಾಣೆಯಲ್ಲಿ ಇಸಿದುಕೊಳ್ಳಬೇಕು.
ಹೌದು, ಅದೇ ಠಾಣೆ.
ಹೊಡೆದ ಕೈಯ ಮುಂದೆಯೇ ಕೈಚಾಚಿ
ಹೊಡೆತ ಬರೆಯಲು ಹಾಳೆ ಕೇಳಬೇಕು.
ಮುಗಿದುಹೋಗಿದೆ ಅನ್ನುತ್ತಾರೆ, ಸೋಮವಾರ ಬಾ ಅನ್ನುತ್ತಾರೆ.
ಒಬ್ಬನೇ ಹೋಗಬೇಡ.
ಚರ್ಚಿನ ಹಿಂದೆ ಕಾನೂನು ಬಲ್ಲ ನ್ಯಾಬೋಕೆ ಇದ್ದಾಳೆ,
ಅವಳು ಕನ್ನಡಕ ಏರಿಸಿ ಬಾಗಿಲಲ್ಲಿ ನಿಂತರೆ
ಮುಗಿದ ಹಾಳೆಗಳು ಮತ್ತೆ ಹುಟ್ಟುತ್ತವೆ.
ಅವರ ದಿನಚರಿ ಪುಸ್ತಕದ ನಂಬರು
ಅಂಗೈಯ ಮೇಲಾದರೂ ಬರೆದುಕೊಂಡು ಬಾ.

ಇವತ್ತು ರಾತ್ರಿಯೇ, ನಿದ್ದೆ ಬರುವ ಮೊದಲು,
ಎಡಗೈಯಲ್ಲಾದರೂ ಸರಿ, ಬರೆ.
ಎಷ್ಟು ಜನ. ಹೆಲ್ಮೆಟ್ಟಿನ ಮೇಲೆ ಏನಿತ್ತು.
ಮಂಡಾಜಿ ಕರಿಯುವ ಹೆಂಗಸು
ಷಟರಿನ ಸಂದಿಯಿಂದ ನೋಡಿದ್ದು.
ಕರೆಂಟು ಹೋದದ್ದು ಮೊದಲೋ, ಲಾಠಿ ಮೊದಲೋ.
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆ.
ಒಂದು ಸುಳ್ಳು ಸಿಕ್ಕರೆ ಸಾಕು ಅವರಿಗೆ,
ಹತ್ತು ನಿಜಗಳನ್ನು ಅದಕ್ಕೇ ಕಟ್ಟಿ ಕೆರೆಗೆಸೆಯುತ್ತಾರೆ.

ಯಾರಾದರೂ ಎರಡು ಕಿಲೋ ಸಕ್ಕರೆ ಹಿಡಿದು
ಹಿರಿಯರ ಮುಖ ಹೊತ್ತು ಬಂದರೆ
ಕೂರಿಸು, ಚಹಾ ಕೊಡು, ನಿನ್ನ ಸಕ್ಕರೆಯದ್ದು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ,
ಆ ಸಕ್ಕರೆ ತಿಂದವರು ಮಾತ್ರ
ಬಾಯಿ ಮುಚ್ಚಿದ್ದನ್ನೇ ನಾನು ನೋಡಿದ್ದು.

ಇಷ್ಟೆಲ್ಲ ಹೇಗೆ ಗೊತ್ತು ಅನ್ನುತ್ತೀಯ.

ಒಲಾಲ್ ಬಂದದ್ದೂ ಹೀಗೇ, ಇದೇ ಹೊತ್ತಿಗೆ.
ಕೂರಲಿಲ್ಲ, ಗೋಡೆಗೆ ಒರಗಿ ನಿಂತ.
ನೆರೆಯವರು ನೋಡಿಯಾರು ಎಂದು
ನಾನು ಮೊದಲು ಮಾಡಿದ ಕೆಲಸ,
ಅಂಗಿ ನೆನೆಸಿದ್ದು.
ತಣ್ಣೀರಿನಲ್ಲಿ, ಬಿಸಿನೀರಿಗೆ ಕಲೆ ಕೂರುತ್ತದಲ್ಲ.
ಎಷ್ಟು ಚೆನ್ನಾಗಿ ಉಜ್ಜಿದೆ ಎಂದರೆ
ಕಾಲರಿನ ಹಳೆಯ ಬೆವರೂ ಹೋಯಿತು.
ಹನ್ನೊಂದು ದಿನ ಇದ್ದ.
ಆಮೇಲೆ ನೈರೋಬಿಯಿಂದ ತನಿಖೆಯವನು,
ಪಾಪ, ಮೆಲ್ಲಗೆ ಮಾತಾಡುವವನು, ಕೇಳಿದ:
ಅಮ್ಮಾ, ಅವತ್ತಿನ ಅಂಗಿ?

ಇದೆಯಪ್ಪಾ ಅಂದೆ.
ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಅವನು ಪೆನ್ನಿನ ಮುಚ್ಚಳ ಹಾಕಿದ ಸದ್ದು.

ಸರಿ. ಕೈ ಎತ್ತು, ನಿಧಾನ.
ಗುಂಡಿ ನಾನು ಬಿಚ್ಚುತ್ತೇನೆ.
ಆ ಸೋಪು ಮಾತ್ರ ಆಚೆಗಿಡು ಮಗಾ,
ನನ್ನ ಕೈಗೆ ಸಿಗದ ಹಾಗೆ.