ಪೆನ್ಸಿಲಿನ ನಾಲ್ಕು

ಸಿದ್ದಯ್ಯ ರಸ್ತೆಯ ನನ್ನ ಶೆಡ್ಡಿಗೆ
ಬಾಗಿಲು ಬರುತ್ತವೆ, ಬಾನೆಟ್ಟು ಬರುತ್ತವೆ,
ಗೋಡೆಗೆ ಗುದ್ದಿ ಮೂತಿ ಒಳಗೆಳೆದುಕೊಂಡ ಬಂಪರು ಬರುತ್ತವೆ.
ಗಿಟಾರು ಬಂದದ್ದು ಅದೇ ಮೊದಲು.
ಕತ್ತು ಬಿಚ್ಚಿ, ತಂತಿ ಬಿಚ್ಚಿ, ಬರೀ ಮೈ,
ಅಕ್ಕಿಚೀಲದಲ್ಲಿ.

‘ಪೂರ್ತಿ ಕೆರೆದುಬಿಡಿ ಅಣ್ಣ’ ಅಂದಳು ರೊವೀನಾ,
‘ಮೇಲೆ ಪರ್ಪಲ್, ಮೆಟಾಲಿಕ್. ಟೂರಿಸ್ಟ್ ಬಸ್ಸಿನ ಥರ ಬೇಡ.’
ಗಿರವಿ ಅಂಗಡಿಯಲ್ಲಿ ಆರು ಸಾವಿರ ಕೊಟ್ಟಳಂತೆ.
ತಲೆಯ ಮೇಲೆ ಅಮೆರಿಕದ ಹೆಸರಿತ್ತಂತೆ.
ತಲೆ ನಾನು ನೋಡಲಿಲ್ಲ, ಅದು ಅವಳ ಮನೆಯಲ್ಲಿತ್ತು.

ರಿಮೂವರ್ ಹಚ್ಚಿದೆ. ಜಪ್ಪಯ್ಯ ಅಂದರೂ ಬಿಡಲಿಲ್ಲ.
ಬಿಸಿಗಾಳಿಯ ಗನ್ನು ಹಿಡಿದೆ. ಕಪ್ಪು ಬಣ್ಣ
ಮೊದಲು ಬೆವರಿತು, ಆಮೇಲೆ ಹಪ್ಪಳದಂತೆ ಉಬ್ಬಿತು.
ಲಪ್ಪದ ಪಟ್ಟಿ ತೂರಿಸಿ ಎಬ್ಬಿಸಿದೆ:
ಕಪ್ಪಿನಡಿ ಕೆಂಪು, ಕೆಂಪಿನಡಿ ಮಾಸಿದ ಬಿಳಿ,
ಒಬ್ಬೊಬ್ಬರೂ ಹಿಂದಿನವರನ್ನು ಮುಚ್ಚಿ ಹೋಗಿದ್ದರು.
ಕಾರಿನಲ್ಲೂ ಹೀಗೇ. ನಂಬರ್ ಪ್ಲೇಟು ಬಿಚ್ಚಿದರೆ
ಬಿಸಿಲು ಕಾಣದ ಒಂದು ಅಂಗೈ ಜಾಗದಲ್ಲಿ
ಗಾಡಿ ಕೊಂಡ ದಿನದ ಬಣ್ಣ ಕೂತಿರುತ್ತದೆ.
ಆದರೆ ಕಾರಿನ ಕೊನೆಗೆ ತಗಡು. ತಗಡಿಗೆ ವಾಸನೆ ಇಲ್ಲ.

ಇಲ್ಲಿ ಎಂಬತ್ತರ ಉಪ್ಪುಕಾಗದ ನಾಲ್ಕು ಸಲ ಎಳೆದದ್ದೇ
ಥಿನ್ನರ್ ನಾತದ ನಡುವೆ ಏನೋ ಸಿಹಿ ಎದ್ದಿತು.
ಇಲಿಯಾಜ್ ಮಾಸ್ಕ್ ಇಳಿಸಿ ಮೂಸಿದ.
ಪುಡಿ ಹಳದಿ. ಅರಿಸಿನದಷ್ಟಲ್ಲ,
ಕಡಲೆಹಿಟ್ಟಿನಷ್ಟು.

ಎದುರಿನ ಚೌಡಾಚಾರಿಯನ್ನು ಕರೆದೆ.
ಹೆಬ್ಬೆರಳಿಗೆ ಎಂಜಲು ಹಚ್ಚಿ ಒಮ್ಮೆ ತಿಕ್ಕಿದ, ಕನ್ನಡಕ ತೆಗೆದ,
‘ಹಲಸು’ ಅಂದ. ‘ವೀಣೆ ಕೊಡಕ್ಕೆ ಕೊರೆಯೋದು ಇದನ್ನೇ.
ಅಮೆರಿಕದೋರು ಹಲಸು ಎಲ್ಲಿ ಕಡೀತಾರಪ್ಪ?’

ವೈರು ಕೂರುವ ಹಳ್ಳಕ್ಕೆ ಟಾರ್ಚು ಬಿಟ್ಟೆವು.
ಉಳಿಯ ಗಾಯಗಳ ನಡುವೆ ಪೆನ್ಸಿಲಿನಲ್ಲಿ ಒಂದು ಅಂಕಿ:
೪.
ಇಂಗ್ಲಿಷಿನದಲ್ಲ. ಸೊಂಟ ತಿರುಚಿ ನಿಂತ
ನಮ್ಮ ನಾಲ್ಕು.
ಒಂದು, ಎರಡು, ಮೂರು ಯಾರ ಮನೆ ಸೇರಿದವೋ.
ಐದನೆಯದು ಆಯಿತೋ ಇಲ್ಲವೋ.

ರೊವೀನಾ ಬಂದಳು. ಬೈಟು ಟೀಯ ತನ್ನ ಪಾಲು ಆರಲು ಬಿಟ್ಟಳು.
ಮೋಸ ಹೋದೆ ಅಂದಳು ಮೊದಲು.
ಆಮೇಲೆ ಬೆರಳ ಗೆಣ್ಣಿನಿಂದ ಮೈ ತಟ್ಟಿದಳು,
ಬಗ್ಗಿ ಕಿವಿಗೊಟ್ಟಳು, ಮತ್ತೆ ತಟ್ಟಿದಳು.
ಆಚಾರಿ ಹೇಳಿದ: ಬಣ್ಣ ಬೇಡ ತಾಯಿ, ಎಣ್ಣೆ ಸಾಕು,
ಹತ್ತು ವರ್ಷಕ್ಕೆ ತಾನಾಗೇ ಕೆಂಪಾಗುತ್ತೆ.
ನಾನೂ ತಲೆಯಾಡಿಸಿದೆ, ನನ್ನ ಕೂಲಿ ನಾನೇ ಕಳೆದುಕೊಳ್ಳುತ್ತ.

ಸಿಗ್ನಲ್ಲಿನಲ್ಲಿ ಒಂದು ಬಸ್ಸು ದಾಟುವಷ್ಟು ಹೊತ್ತು ಯೋಚಿಸಿದಳು.
‘ಪರ್ಪಲ್ಲೇ ಇರಲಿ ಅಣ್ಣ. ಹತ್ತು ವರ್ಷ ಯಾರು ಕಾಯ್ತಾರೆ,
ಮುಂದಿನ ತಿಂಗಳು ಶೋ ಇದೆ.
ಆ ಹಳ್ಳಕ್ಕೆ ಮಾತ್ರ ಹೊಡೀಬೇಡಿ.’

ಸೀಲರ್ ಎರಡು ಕೋಟು, ಪ್ರೈಮರ್,
ನಾನೂರರ ಕಾಗದ ನೀರಲ್ಲದ್ದಿ.
ಹಳ್ಳಕ್ಕೆ ಟೇಪು, ಟೇಪಿನ ಮೇಲೆ ಪೇಪರು.
ತಂತಿಗೆ ನೇತುಹಾಕಿ ಗನ್ನೊತ್ತಿದೆ.
ಹಳದಿ ಮುಳುಗಿತು. ನಾನೇ ಮುಳುಗಿಸಿದೆ, ಕೈ ನಡುಗದೆ.

ಈಗ ಯಾವುದೋ ಟ್ಯಾಕ್ಸಿಯ ಬಾಗಿಲ ಪಕ್ಕ ತೂಗುತ್ತಿದೆ.
ಈ ಮೋಡಕ್ಕೆ ಕ್ಲಿಯರ್ ಬೇಗ ಗಟ್ಟಿಯಾಗದು.
ದಿನಾ ಸಂಜೆ ಫೋನು: ಒಣಗಿತಾ?
ಕತ್ತು ಕೂರುವ, ಯಾರಿಗೂ ಕಾಣದ ಮೂಲೆಯಲ್ಲಿ
ಉಗುರೊತ್ತಿ ನೋಡುತ್ತೇನೆ. ಗುರುತು ಬೀಳುತ್ತದೆ.
ಇಲ್ಲ ಕಣಮ್ಮ, ಇನ್ನೂ.