ಖಾಲಿ ತೂಕ

ಫೈನಲ್ಲಿಗೆ ಮುಂಚೆ ಏಳು ಪಂದ್ಯ.
ನನ್ನ ಬೆನ್ನ ಹಿಂದಿನ ಬಲೆಗೆ ಬಿದ್ದದ್ದು ಎರಡೇ,
ಅದರಲ್ಲೊಂದು ನಮ್ಮ ಸೆಲ್ವಂನ ಹಣೆಗೇ ತಗುಲಿ.
ಜನ್ನಾಪುರದಲ್ಲಿ ಕ್ಷೌರಕ್ಕೆ ಕೂತರೂ ಇದೇ ಮಾತು:
"ನಿಮ್ಮದು ಟೀಮಲ್ಲ ಬಿಡ್ರಿ, ಗೋಡೆ."
ಹೊಗಳಿದ್ದೋ ಕುಟುಕಿದ್ದೋ,
ಕುತ್ತಿಗೆ ಮೇಲೆ ಕತ್ತಿ ಇರುವಾಗ ಕೇಳುವಂತಿಲ್ಲ.

ಹಾಕಿದ್ದೆಷ್ಟು ಅಂತ ಕೇಳಿದವನು ಜಬೀವುಲ್ಲಾ,
ಭದ್ರಾ ಸೇತುವೆ ಪಕ್ಕ ಬೂಟು ಹೊಲಿಯುವವನು,
ನಮ್ಮ ಹನ್ನೊಂದೂ ಜನರ ಅಂಗಾಲು ಬಲ್ಲವನು.
ಬೆರಳು ಮಡಿಚಿದೆ.
ಒಂದು ಪೆನಾಲ್ಟಿ.
ಒಂದು ಕಾರ್ನರ್, ಯಾರದೋ ಮೊಣಕಾಲಿಗೆ ಬಡಿದು;
ಇವತ್ತಿಗೂ ಮೂವರು ಅದು ತಮ್ಮದೆನ್ನುತ್ತಾರೆ.
ಒಂದನ್ನು ಪೇಪರ್‌ಟೌನ್ ಕೀಪರೇ
ಕೆಸರಲ್ಲಿ ಜಾರಿ ಒಳಗೆ ಬಿಟ್ಟುಕೊಂಡ.
ಇನ್ನೊಂದು ಹಾಲೇಶನದು, ಅಪ್ಪಟ,
ಆದರೆ ಆಗ ಮಬ್ಬು ಕವಿದಿತ್ತು,
ಈ ತುದಿಗೆ ಬಂದದ್ದು ಕೂಗು ಮಾತ್ರ.
ಜಬೀವುಲ್ಲಾ ಹಾಲೇಶನ ಬೂಟು ಎತ್ತಿ ತೋರಿಸಿದ:
"ಮೊನೆ ನೋಡು, ಸವೆದೇ ಇಲ್ಲ.
ಸವೆದದ್ದು ಹಿಮ್ಮಡಿ. ನಿಂತೂ ನಿಂತೂ."

ನಾನು ವೇಬ್ರಿಡ್ಜಿನಲ್ಲಿ ಕೂರುವವನು.
ತರೀಕೆರೆ ರಸ್ತೆಯ ಲಾರಿಗಳು ಟಾರ್ಪಾಲು ಬಿಗಿದು ಬರುತ್ತವೆ.
ಕಣ್ಣಳತೆಯಲ್ಲೇ ಟನ್ನು ಹೇಳುವ ಡ್ರೈವರುಗಳಿದ್ದಾರೆ.
ನಾನು ಹೇಳುವುದಿಲ್ಲ.
ಖಾಲಿ ಲಾರಿ ಒಮ್ಮೆ, ತುಂಬಿದ್ದು ಒಮ್ಮೆ,
ಎರಡರ ನಡುವೆ ಉಳಿದದ್ದು ಮಾಲು.
ಗೋಡೆಯನ್ನು ಕಳೆದರೆ ನಾವೆಷ್ಟು?
ದೊರೈರಾಜ್ ಸಾರ್ ಆ ಲೆಕ್ಕಕ್ಕೆ ಕೂರಗೊಡುವುದಿಲ್ಲ.
ರೋಲಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ
ಕಾದ ಕಬ್ಬಿಣದ ಪಕ್ಕ ನಿಂತವರು,
"ಮುಂದೆ ಹೋದವನ ಕೈ ಹೋಗತ್ತೆ" ಎನ್ನುತ್ತಾರೆ,
ಉಳಿದ ಮೂರು ಬೆರಳಲ್ಲಿ ಸೀಟಿ ಹಿಡಿದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಸರಿ. ಆದರೆ ಕೋಲು ಹಿಡಿದವರು ಹತ್ತು ಜನ,
ಹಾವಾಗುವ ಪಾಳಿ ಒಬ್ಬನಿಗೇ.
ಸೆಮಿಫೈನಲ್ಲಿನುದ್ದಕ್ಕೂ ಅವನ ಬೆನ್ನು ನೋಡಿದೆ:
ಅವರಮ್ಮ ಹೊಲಿದ ಒಂಬತ್ತು, ಬಾಲ ಕೊಂಚ ಉದ್ದ.
ಚೆಂಡು ಬರಲಿಲ್ಲ. ಸಾಕ್ಸ್ ಎಳೆದುಕೊಂಡ.
ಸಾಗರದವರ ಆಳೆತ್ತರದ ಹುಡುಗರಿಬ್ಬರು
ಅತ್ತ ಒಬ್ಬ, ಇತ್ತ ಒಬ್ಬ,
ಮದುಮಗನನ್ನು ಕಾಯುವ ಭಾವಮೈದುನರ ಹಾಗೆ.
ಅವರಿಬ್ಬರೂ ಈ ಕಡೆ ಬಂದಿದ್ದರೆ ನನ್ನ ಗತಿ?
ಬರಲಿಲ್ಲ. ಕೇರೆಯೋ ನಾಗರವೋ
ಹತ್ತಿರ ಹೋಗಿ ನೋಡುವವರುಂಟೆ?
ಇದೂ ಒಂದು ದಾಳಿಯೇ ಅಂದುಕೊಂಡೆ.
ಆ ರಾತ್ರಿ ನಿದ್ದೆ ಬಂತು.

ಶಿವಮೊಗ್ಗದವರು ಹತ್ತಿರ ಹೋಗಿ ನೋಡಿದರು.
ಹನ್ನೆರಡನೇ ನಿಮಿಷಕ್ಕೇ ಗೋಲು,
ನನ್ನ ಬೆರಳು ಸವರಿಕೊಂಡು.
ಆಮೇಲೆ ನೋಡಬೇಕಿತ್ತು ನಮ್ಮನ್ನು!
ಆರತಿ ಹೊತ್ತಿಗೆ "ನೀವೊಂದು ಹಾಡು ಹೇಳಿ" ಎಂದಾಗ
ಒಬ್ಬರ ಮುಖ ಒಬ್ಬರು ನೋಡುವ ನೆಂಟರು.
ಇನ್ನಾಸಿ ಅರ್ಧ ಮೈದಾನ ದಾಟಿದ, ದಾಟಿ ನಿಂತ,
ಅಪ್ಪಣೆ ಕೇಳುವವನಂತೆ ನನ್ನತ್ತ ತಿರುಗಿದ.
ಸಾರ್ ಸೀಟಿಯನ್ನು ಬಾಯಿಗೆ ತರಲೇ ಇಲ್ಲ.
ಹಾಲೇಶನ ಸುತ್ತ ಯಾರೂ ಇರಲಿಲ್ಲ,
ಅಷ್ಟು ಬಯಲಿನಲ್ಲಿ
ಕೈ ಎತ್ತಿ ಕೇಳುತ್ತಲೇ ಇದ್ದ.

ಮಾರನೆಯ ಬೆಳಿಗ್ಗೆ ಬಲೆ ಬಿಚ್ಚಲು ಹೋದರೆ
ಬರಿಗಾಲಲ್ಲಿ ಅವನಿದ್ದ.
"ನಿಲ್ಲು" ಅಂದ. ನಿಂತೆ.
ಅಭ್ಯಾಸದಲ್ಲೂ ನಾವು ತಡೆಯುವುದನ್ನೇ ಕಲಿತವರು;
ಅವನನ್ನು ಎದುರಿನಿಂದ ನೋಡಿರಲೇ ಇಲ್ಲ.
ಹುಬ್ಬಿನ ಮೇಲೊಂದು ಹಳೆಯ ಗಾಯ.
ಚೆಂಡಿಟ್ಟ. ನನ್ನನ್ನಲ್ಲ,
ಬಲೆಯ ಹರಿದ ಮೂಲೆಯನ್ನು ನೋಡಿದ.

ಚೆಂಡು ಕಂಬದ ಮೇಲಿಂದ ಹಾರಿ
ನಾಲೆ ಬದಿಯ ಲಂಟಾನದೊಳಗೆ ಬಿತ್ತು.
ಇಬ್ಬರೂ ಹುಡುಕಿದೆವು, ಕೈಯೆಲ್ಲ ತರಚಿಕೊಂಡು.
ಅವನಿಗೆ ಹೇಳಲಿಲ್ಲ:
ಅವನು ಕಾಲು ಹಿಂದೆಳೆದಾಗಲೇ
ನನ್ನ ಮಂಡಿಗಳು
ನನ್ನನ್ನು ಕೇಳದೆ ಬಗ್ಗಿದ್ದವು.