ಒಂದೂವರೆ ಗ್ರಾಂ ನೀರು

ಡಂಕ್ವಾ ಪೇಟೆಯಲ್ಲಿ, ಟೈರಿಗೆ ತೇಪೆ ಹಾಕುವವನ ಪಕ್ಕ
ಡುಫಿಯೆ ಅಮ್ಮನ ಚಿನ್ನ ಕೊಳ್ಳುವ ಅಂಗಡಿ.
ನಾನಲ್ಲಿ ನೀರು ನೋಡಿಕೊಳ್ಳುವ ಹುಡುಗ.

ಇಳಿದರೆ ಆಫಿನ್ ಹೊಳೆ. ಅದರ ನೀರು ಬೇಡ.
ಮೇಲೆ ಗಣಿಯವರು ದಂಡೆ ಅಗೆದಗೆದು
ಹೊಳೆಯೀಗ ಕೆನೆ ಕಟ್ಟಿದ ಚಹಾ.
"ತನ್ನ ಭಾರವೇ ತನಗೆ ತಿಳಿಯದ ನೀರು
ಮಂದಿಯದೇನು ಹೇಳೀತು?"
ಅದಕ್ಕೇ ಪ್ಲಾಸ್ಟಿಕ್ ಪೊಟ್ಟಣದ ನೀರು,
ಬಸ್ ನಿಲ್ದಾಣದ ಹುಡುಗಿಯರು ತಲೆಮೇಲೆ ಹೊತ್ತು ಮಾರುವಂಥದು.
ಎಲ್ಲರ ಹಾಗೆ ಮೂಲೆ ಕಚ್ಚಿ ಹರಿಯುವಂತಿಲ್ಲ.
ಕತ್ತರಿ ಇದೆ.

ಮೊದಲ ದಿನ ಕಲಿಸಿದ್ದು ಇಷ್ಟು:
ಒಡವೆಯನ್ನು ಒಣಗಿದ್ದಾಗ ತೂಗು. ಬರೆದಿಡು.
ತಕ್ಕಡಿಯ ಮೇಲೆ ಲೋಟ, ಲೋಟದಲ್ಲಿ ನೀರು,
ಅಂಕಿಯನ್ನು ಸೊನ್ನೆಗೆ ತಾ.
ಈಗ ನೂಲಿಗೆ ಕಟ್ಟಿ ಇಳಿಬಿಡು,
ಪೂರ್ತಿ ಮುಳುಗಲಿ, ತಳ ತಾಗಬಾರದು, ಗಾಜು ಸೋಕಬಾರದು,
ಉಸಿರು ಬಿಟ್ಟರೂ ಅಂಕಿ ಓಲಾಡುತ್ತದೆ.
ಕಾಣುವುದು ಒಡವೆಯ ತೂಕವಲ್ಲ,
ಅದಕ್ಕೆ ಜಾಗ ಬಿಟ್ಟು ಸರಿದ ನೀರಿನ ತೂಕ.
ಮೊದಲಿನದನ್ನು ಇದರಿಂದ ಭಾಗಿಸು.
ಹತ್ತೊಂಬತ್ತು ದಾಟಿದರೆ ಅಪ್ಪಟ.
ಹದಿನೇಳರ ಮೇಲೆ, ಮದುವೆಯ ಚಿನ್ನ.
ಹತ್ತರ ಕೆಳಗಾದರೆ
ಮುಖ ನೋಡದೆ ಹೇಳು.

ಮತ್ತೆ, ಗುಳ್ಳೆ.
ಕೆತ್ತನೆಯ ಸಂದಿಯಲ್ಲಿ ಸಾಸಿವೆಯಷ್ಟು ಗಾಳಿ ಅಂಟಿ ಕೂತರೂ
ಒಳ್ಳೆಯ ಚಿನ್ನ ಕೆಟ್ಟ ಹೆಸರು ಹೊರುತ್ತದೆ.
ಕೋಳಿಗರಿಯ ತುದಿಯಿಂದ ಅದನ್ನು ಸವರಬೇಕು, ನಿದ್ದೆಗಣ್ಣಿನ ಮಗುವಿನ
ಕಣ್ಣು ಒರೆಸುವಂತೆ.

ಒಂದು ಸಲ ಕುಮಾಸಿಯಿಂದ ಬೂಟಿನವನೊಬ್ಬ ಗಟ್ಟಿ ತಂದ.
ಹತ್ತೊಂಬತ್ತು ಬಿಂದು ಎರಡು. ನಾನು ಕುಣಿದೆ.
ಅಮ್ಮ ಉಳಿ ತಂದು ನಡುವೆ ಕಡಿದಳು:
ಹೊರಗೆ ಹಳದಿ ತೊಗಲು, ಒಳಗೆ ಬೂದುಬಣ್ಣದ ಟಂಗ್‌ಸ್ಟನ್.
"ನೀರು ಸುಳ್ಳು ಹೇಳಿತಾ?"
"ಇಲ್ಲ. ನಾವು ಕೇಳಿದ್ದು ಎಷ್ಟು ಒತ್ತಾಗಿದೆ ಅಂತ.
ಯಾರು ಅಂತ ಕೇಳಿರಲಿಲ್ಲ."

ಹೋದ ಗುರುವಾರ ಅಫ್ರಕೊಮಾ ಬಂದಳು, ಹುರಿದ ಬಾಳೆ ಮಾರುವವಳು,
ಗಂಡ ಸತ್ತು ವರ್ಷ ತುಂಬಿತ್ತು.
ಕಿವಿಯಿಂದಲೇ ಬಿಚ್ಚಿ ಕೊಟ್ಟಳು ಜೋಡಿ ಓಲೆ.
ಹನ್ನೆರಡು ಬಿಂದು ಆರು ಗ್ರಾಂ.
ನೀರಲ್ಲಿ, ಒಂದೂವರೆ.
ಗರಿ ತಗೊಂಡೆ. ಗುಳ್ಳೆ ಇರಲಿಲ್ಲ. ಆದರೂ ಸವರಿದೆ.
ಒಂದೂವರೆ.
ನೀರು ಚೆಲ್ಲಿ ಹೊಸ ಪೊಟ್ಟಣ ಕತ್ತರಿಸಿದೆ.
ಒಂದೂವರೆ.
ಡುಫಿಯೆ ಅಮ್ಮ ಕ್ಯಾಲ್ಕುಲೇಟರ್ ಮುಟ್ಟಲೇ ಇಲ್ಲ.
ಮುಖ ನೋಡದೆ ಹೇಳಬೇಕಾದ್ದು ನನ್ನ ಪಾಲಿಗೆ ಬಂತು,
ನಾನು ಮುಖ ನೋಡಿದೆ:
"ಎಂಟು ಬಿಂದು ನಾಲ್ಕು. ಹಿತ್ತಾಳೆ, ತಾಯೀ."

ಅವಳು ಬರಿಗಿವಿ ಮುಟ್ಟಿಕೊಂಡಳು.
"ಮೂವತ್ತು ವರ್ಷ. ಹಂಗಾದ್ರೆ ನಂದೇ ಹಿತ್ತಾಳೆ ಕಿವಿ."
ಆಮೇಲೆ ಲೋಟಕ್ಕೆ ಬಗ್ಗಿ,
"ನಿಜವಾದ ಚಿನ್ನ ಆಗಿದ್ರೆ ಎಷ್ಟು ನೀರು ಸರೀತಿತ್ತು?"
"ಇದರ ಅರ್ಧ. ಅರ್ಧಕ್ಕೂ ಒಂಚೂರು ಕಮ್ಮಿ."
ಆಗ ನಕ್ಕಳು, ಟೈರಿನವನು ಇಣುಕಿ ನೋಡುವಷ್ಟು:
"ಅವನೂ ಹಂಗೇ! ಇದ್ದದ್ದು ಒಣಕಲು ಮೈ,
ಮಂಚದಲ್ಲಿ ಮಾತ್ರ ಮುಕ್ಕಾಲು ಜಾಗ ಅವನಿಗೆ.
ನಾನು ಅಂಚಲ್ಲಿ, ಒಂದು ಕಾಲು ನೆಲಕ್ಕೆ."

ನೂಲು ಎಳೆದೆ. ಓಲೆ ಮೇಲೆ ಬಂತು.
ಲೋಟದ ನೀರು ಹಳೆಯ ಮಟ್ಟಕ್ಕಿಳಿದು ಸುಮ್ಮನಾಯಿತು.
"ಈಗ್ಲೂ ಅಂಚಲ್ಲೇ ಮಲಗ್ತೀನಿ," ಅಂದಳು,
ಯಾರಿಗೂ ಅಲ್ಲ.

ಒರೆಸಿ ಕೊಡುತ್ತೇನೆ ಅಂದರೂ ಬಿಡಲಿಲ್ಲ.
ಒದ್ದೆಯಲ್ಲೇ ಸಿಕ್ಕಿಸಿಕೊಂಡು
ಬಿಸಿಲಿಗೆ ಹೋದಳು.
ತಕ್ಕಡಿ ಸೊನ್ನೆಗೆ ಮರಳಿರಲಿಲ್ಲ.
ಸೊನ್ನೆಯಿಂದ ಕೆಳಗೆ, ಬಿಂದು ಒಂದು:
ಓಲೆಗಂಟಿ ಹೋದ ಎರಡು ಹನಿ.
ಅಮ್ಮ ಅದನ್ನೂ ನೋಡಿದಳು.
"ಇರಲಿ," ಅಂದಳು, "ಮುಂದಿನವರನ್ನು ಕರಿ."